ಕೋಟೆಯೂರಿನ ಕೋಳಿಕಳ್ಳ ಅಮಲ್ದಾರನಾದದ್ದು

ಫೆನ್‌ಪಿಂಗ್‌ಗೆ ಬರುವ ಪ್ರವಾಸಿ ದಕ್ಷಿಣದ ಬಾಗಿಲಲ್ಲಿ ಒಳಹೊಕ್ಕು ಮೊದಲು ಕೋಟೆ ಹತ್ತುತ್ತಾನೆ. ಹತ್ತಿ ತನ್ನದೇ ಫೋಟೋ ತೆಗೆದುಕೊಳ್ಳುತ್ತಾನೆ. ಆಮೇಲೆ ಕಾಲು ನೋವೆಂದು ಇಳಿಯುತ್ತಾನೆ. ಹತ್ತೂವರೆಗೆ ಸರಿಯಾಗಿ ಹಳೇ ಕಚೇರಿಯ ಅಂಗಳ ಸೇರಿ ದುವಾನ್ ಕೈಮಿಂಗ್‌ನ ಕುಂಡೆಗೆ ಬೀಳುವ ಏಟುಗಳನ್ನು ಎಣಿಸುತ್ತಾನೆ. ಆರುನೂರು ವರ್ಷ ಗಾಳಿಮಳೆಗೆ ಜಗ್ಗದ ಕೋಟೆ, ಎಪ್ಪತ್ತು ಬುರುಜು, ಬೂದುಬಣ್ಣದ ಹೆಂಚಿನ ಸಾವಿರಾರು ಮನೆಗಳು ಎಲ್ಲವನ್ನೂ ನೋಡಿ ಊರಿಗೆ ಮರಳಿದ ಮೇಲೆ ಅವನ ನೆನಪಿನಲ್ಲಿ ಉಳಿಯುವುದು ಆ ಕುಂಡೆ ಒಂದೇ. ಕೈಮಿಂಗ್ ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ. "ದೇಶದ ಮೂಲೆಮೂಲೆಯಲ್ಲಿ ನನ್ನನ್ನ ಬಲ್ಲೋರಿದ್ದಾರೆ. ಎದುರಿಗೆ ಸಿಕ್ಕಿದ್ರೆ ಮಾತ್ರ ಗುರುತು ಸಿಗಲ್ಲ. ತಿರುಗಿ ನಿಲ್ಲಬೇಕು, ಅಷ್ಟೆ."

ಅವನ ಕೆಲಸ ಕೋಳಿ ಕದಿಯುವುದು. ಅಂದರೆ ಕದ್ದನೆಂದು ಅನ್ನಿಸಿಕೊಳ್ಳುವುದು. ಬೆಳಿಗ್ಗೆ ಹತ್ತೂವರೆಗೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಹಳೇ ಕಚೇರಿಯಲ್ಲಿ ವಿಚಾರಣೆ ನಡೆಯುತ್ತಿತ್ತು. ನಗಾರಿ ಮೂರು ಬಾರಿ ಮೊಳಗಬೇಕು. ಎಂಟು ಮಂದಿ ದಫೇದಾರರು ಕೋಲುಗಳನ್ನು ನೆಲಕ್ಕೆ ಕುಟ್ಟುತ್ತ "ವೇ...ಯ್... ವೂ..." ಎಂದು ಹೊಟ್ಟೆಯಾಳದಿಂದ ಎಳೆಯಬೇಕು. ಮೂರನೆಯ ನಗಾರಿಗೆ ಕೈಮಿಂಗ್ ದೊಪ್ಪೆಂದು ಮಂಡಿಯೂರಿ "ಮಹಾಸ್ವಾಮಿ, ನನ್ನದೇನೂ ತಪ್ಪಿಲ್ಲ!" ಎಂದು ಅರಚಬೇಕು. ಎದೆಯ ಮೇಲೆ ಕಸೂತಿಯ ಹಕ್ಕಿ ಕೂರಿಸಿಕೊಂಡ ಅಮಲ್ದಾರರು ಮರದ ತುಂಡನ್ನು ಮೇಜಿಗೆ ಬಡಿದು "ಹಾಕಿ ಇಪ್ಪತ್ತು!" ಅನ್ನುತ್ತಾರೆ. ಇಪ್ಪತ್ತೂ ಬಿದ್ದ ಮೇಲೆ ಕೋಳಿ ಅದರ ಒಡತಿಯ ಅಟ್ಟದಲ್ಲೇ ಕಾವಿಗೆ ಕೂತಿತ್ತೆಂದು ಗೊತ್ತಾಗುತ್ತದೆ. ನ್ಯಾಯಕ್ಕೆ ಜಯವಾಗುತ್ತದೆ. ಅಮಲ್ದಾರರ ನೆತ್ತಿಯ ಮೇಲೆ "ಇಲ್ಲಿ ತೂಗುವುದು ಸ್ವಚ್ಛ ಕನ್ನಡಿ" ಎಂಬ ಫಲಕವಿದೆ. ಹೊಡೆಯುವ ಮೊದಲೇ ಆ ಕನ್ನಡಿ ನೋಡಬಹುದಿತ್ತಲ್ಲ ಎಂದು ಯಾರೂ ಕೇಳಿದ್ದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಆಟ ಮುಗಿದ ಮೇಲೆ ಬೇರೆ ಟಿಕೆಟ್ ಕೊಂಡವರಿಗೆ ಕಳ್ಳನಿಗೆ ತಾವೇ ಮೂರೇಟು ಹಾಕಿ ಫೋಟೋ ತೆಗೆಸಿಕೊಳ್ಳುವ ಸೌಲಭ್ಯ. ಚಲ್ಲಣದೊಳಗೆ ಹತ್ತಿಯ ಮೆತ್ತೆ ಇರುತ್ತಿದ್ದರಿಂದ ನೋವೇನೂ ಇರಲಿಲ್ಲ. ಬೇಸಿಗೆಯ ಧಗೆಯಲ್ಲಿ ಏಳುತ್ತಿದ್ದ ಬೆವರುಸಾಲೆ ಮಾತ್ರ ಅಪ್ಪಟ ಐತಿಹಾಸಿಕವಾಗಿತ್ತು. ಏಳು ವರ್ಷದಲ್ಲಿ ಕೈಮಿಂಗ್‌ಗೆ ಒಂದು ವಿದ್ಯೆ ಒಲಿದಿತ್ತು. ಬೋರಲಾಗಿ ಮಲಗಿದ್ದ ಹಾಗೆಯೇ, ಮುಖ ನೋಡದೆ, ಏಟಿನಿಂದಲೇ ಹೊಡೆದವರ ಕಸುಬು ಹೇಳುತ್ತಿದ್ದ. ಶಾಲೆಯ ಮೇಷ್ಟ್ರುಗಳು ಅಳೆದು ಹೊಡೆಯುತ್ತಾರೆ. ಬ್ಯಾಂಕಿನವರು ಎರಡು ಹೊಡೆದು ಮೂರು ಎನ್ನುತ್ತಾರೆ. ದೊಡ್ಡ ಸಾಹೇಬರುಗಳು ಕೋಲನ್ನು ಹಿಡಿದುಕೊಂಡು ಸುಮ್ಮನೆ ನಗುತ್ತಾರೆ, ಹೊಡೆಯುವುದು ಅವರ ಕಾರಿನ ಡ್ರೈವರು.

ಇಂಥ ಉದ್ಯೋಗಕ್ಕೆ ಅವನು ಹುಟ್ಟಿದವನೇನಲ್ಲ. ಹುಟ್ಟಿದ್ದು ಪಶ್ಚಿಮದ ಬಾಗಿಲಿನ ಹತ್ತಿರದ ಓಣಿಯಲ್ಲಿ, ಕೋಟೆಯ ಗೋಡೆಗೆ ಬೆನ್ನು ಕೊಟ್ಟ ಮನೆಯಲ್ಲಿ. ಆಗ ಕೋಟೆ ಇನ್ನೂ ಪರಂಪರೆ ಆಗಿರಲಿಲ್ಲ, ಬರೀ ಗೋಡೆಯಾಗಿತ್ತು. ಅದರ ಮೇಲೆ ಜೋಳ ಒಣಗಿಸುತ್ತಿದ್ದರು. ಪರಂಪರೆಯಾದ ಮೇಲೆ ಜೋಳ ಒಣಗಿಸುವಂತಿಲ್ಲ. ಒಳಬಟ್ಟೆಯನ್ನೂ ಒಣಗಿಸುವಂತಿಲ್ಲ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ. ಕೈಮಿಂಗ್‌ನ ತಾಯಿ ಹೊಸಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿದರೆ ಎದುರಿಗೆ ಹತ್ತು ಕ್ಯಾಮೆರಾ. "ನಿಜವಾದ ನಿವಾಸಿ!" ಎಂದು ಪಿಸುಗುಟ್ಟಿಕೊಂಡು ನೋಡುತ್ತಿದ್ದರು. ಆಕೆ ಬೈದರೆ ಅದನ್ನೂ ಚಿತ್ರೀಕರಿಸಿಕೊಂಡು ಧನ್ಯರಾಗಿ ಹೋಗುತ್ತಿದ್ದರು.

ಮಗನನ್ನು ಆಕೆ ಪ್ರವಾಸೋದ್ಯಮದ ಡಿಪ್ಲೊಮಾ ಓದಿಸಿದಳು. ಗೈಡ್ ಆಗಲಿ, ಬಣ್ಣದ ಬಾವುಟ ಹಿಡಿದು ಮುಂದೆ ನಡೆಯಲಿ ಎಂದು ಅವಳ ಆಸೆ. ಲೈಸೆನ್ಸ್ ಪರೀಕ್ಷೆಯಲ್ಲಿ ಕೇಳಿದ್ದು ಒಂದೇ ಸುಲಭದ ಪ್ರಶ್ನೆ: ಕೋಟೆಗೋಡೆಯ ನೆತ್ತಿಯಲ್ಲಿ ಹಲ್ಲಿನಂತೆ ನಿಂತ ತೆನೆಗಳೆಷ್ಟು? ಊರಿನ ನಾಯಿಗೂ ಗೊತ್ತಿದ್ದ ಉತ್ತರ ಮೂರು ಸಾವಿರ. ಗುರು ಕನ್‌ಫ್ಯೂಷಿಯಸ್‌ಗೆ ಇದ್ದ ಶಿಷ್ಯರಷ್ಟೇ. ಕೈಮಿಂಗ್ ಮಾತ್ರ ಹನ್ನೊಂದು ವರ್ಷದವನಿದ್ದಾಗ ರಜೆಯಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಅವನ್ನು ಎಣಿಸಿಬಿಟ್ಟಿದ್ದ.

"ಎರಡು ಸಾವಿರದ ಒಂಬೈನೂರ ಎಂಬತ್ತಾರು," ಎಂದ.

"ಹದಿನಾಲ್ಕು ಜನ ಶಿಷ್ಯರು ಎಲ್ಲಿಗೆ ಹೋದ್ರು?" ಎಂದರು ಪರೀಕ್ಷಕರು.

"ಗೊತ್ತಿಲ್ಲ ಸಾರ್. ನಾನು ಹೋದಾಗ ಇರಲಿಲ್ಲ."

ಹೀಗೆ, ಕಣ್ಣಾರೆ ನೋಡಿದವನು ತೋರಿಸಲು ನಾಲಾಯಕ್ಕೆಂದು ತೀರ್ಮಾನವಾಯಿತು. ಹಳೇ ಕಚೇರಿಯಲ್ಲಿ ಕಳ್ಳನ ಜಾಗ ಖಾಲಿ ಇತ್ತು. ಅಲ್ಲಿ ಲೈಸೆನ್ಸ್ ಕೇಳಲಿಲ್ಲ.

ಇಷ್ಟರಲ್ಲೇ ಕಥೆ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದವಳು ಯಾಲಿಂಗ್. ದಕ್ಷಿಣ ಬೀದಿಯಲ್ಲಿ ಜೋಳದ ವಿನೆಗರ್ ಮಾರುವ ರೆನ್ ಬಾವ್‌ಶಾನ್‌ನ ಒಬ್ಬಳೇ ಮಗಳು. ಸೀಸೆಗಳಿಗೆ "ಹತ್ತು ವರ್ಷ ಹಳೆಯದು" ಎಂಬ ಚೀಟಿ ಅಂಟಿಸುವುದು ಅವಳ ಕೆಲಸ. ಮೂರು ತಿಂಗಳಲ್ಲಿ ಹತ್ತು ವರ್ಷ ತುಂಬಿಸುವಷ್ಟು ಅವಳ ಕೈ ಚುರುಕು. ಒಮ್ಮೆ ಯಾರೋ ಪೈಲ್ವಾನರು ಹೊಡೆದ ಏಟು ಮೆತ್ತೆ ತಪ್ಪಿ ಕೈಮಿಂಗ್‌ನ ಸೊಂಟಕ್ಕೆ ಬಿದ್ದಿತ್ತು. ಅವನು ವಿನೆಗರ್ ಪಟ್ಟು ಹಾಕಲೆಂದು ಅಂಗಡಿಗೆ ಕುಂಟುತ್ತ ಬಂದ.

"ಯಾವ ವಯಸ್ಸಿಂದು ಬೇಕು?" ಎಂದಳು ಯಾಲಿಂಗ್.

"ಹೊಸ ನೋವು. ಹೊಸದೇ ಕೊಡಿ."

"ಹಾಗಾದ್ರೆ ಯಾವ್ದು ತಗೊಂಡ್ರೂ ಒಂದೇ," ಎಂದು ಅವಳು ನಕ್ಕಳು. ವ್ಯಾಪಾರದ ಗುಟ್ಟನ್ನು ಮೊದಲ ಭೇಟಿಯಲ್ಲೇ ಬಿಟ್ಟುಕೊಟ್ಟ ಹುಡುಗಿಯನ್ನು ಕೈಮಿಂಗ್ ಬಿಡುವುದು ಸಾಧ್ಯವಿರಲಿಲ್ಲ.

ಎರಡು ವರ್ಷದ ಓಡಾಟವಾದ ಮೇಲೆ, ಕಳೆದ ಬೇಸಿಗೆಯಲ್ಲಿ, ಪದ್ಧತಿಯ ಪ್ರಕಾರ ಎರಡು ಸೀಸೆ ಸಾರಾಯಿ, ಎರಡು ಕಟ್ಟು ಸಿಗರೇಟು ಹಿಡಿದು ಕೈಮಿಂಗ್ ಹೆಣ್ಣು ಕೇಳಲು ಹೋದ. ರೆನ್ ಬಾವ್‌ಶಾನ್ ಮಡದಿಯನ್ನು ಕಳೆದುಕೊಂಡ, ಅರವತ್ತು ದಾಟಿದ, ಗುಂಡುಗಲ್ಲಿನಂಥ ಮನುಷ್ಯ. ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅವನಿಗೆ ಎರಡು ಅಭ್ಯಾಸಗಳು ಮೂಳೆಗಿಳಿದಿದ್ದವು. ಯಾರೇ ಕೂಗಲಿ "ಓ, ಬಂದೆ!" ಎನ್ನುವುದು ಒಂದು. ಯಾರೇ ಏನೇ ಚಾಚಲಿ ಎರಡೂ ಕೈಯಲ್ಲಿ ಇಸಿದುಕೊಳ್ಳುವುದು ಇನ್ನೊಂದು. ಸಾರಾಯಿ ಸಿಗರೇಟುಗಳನ್ನು ಹಾಗೆಯೇ ಇಸಿದುಕೊಂಡು ಒಳಗಿಟ್ಟು ಬಂದ ಮೇಲೆ ಹೇಳಿದ:

"ಕೂತ್ಕೋ. ಅಥವಾ ನಿಂತೇ ಇರು, ನಿನಗೆ ಕೂರೋಕೆ ಕಷ್ಟ ಆಗಬಹುದು."

"ಪರವಾಗಿಲ್ಲ ಚಿಕ್ಕಪ್ಪ, ಮೆತ್ತೆ ಇರುತ್ತೆ," ಎಂದ ಕೈಮಿಂಗ್. ಊರಿನ ಹಿರಿಯರನ್ನೆಲ್ಲ ಅಲ್ಲಿ ಹಾಗೆ ಕರೆಯುವುದು ವಾಡಿಕೆ.

"ಮೆತ್ತೆ ನಿನಗಿರುತ್ತೆ ಕಣಯ್ಯಾ, ನನ್ನ ಮುಖಕ್ಕಿರುತ್ತಾ? ದಿನಾ ಮೂರು ಸಾವಿರ ಜನ ನನ್ನ ಅಂಗಡಿ ಮುಂದೆ ಹೋಗ್ತಾರೆ. ಅರ್ಧ ಜನ ನಿನ್ನ ಹಿಂಭಾಗ ನೋಡ್ಕೊಂಡು ಬಂದಿರ್ತಾರೆ. ನನ್ನ ವಿನೆಗರ್ ರುಚಿ ನೋಡ್ತಾ ಅದನ್ನೇ ಮಾತಾಡ್ತಾರೆ. ನಾಳೆ ಯಾರಾದ್ರೂ 'ಆ ಕೋಳಿಕಳ್ಳ ಯಾರು ತಾತ?' ಅಂದ್ರೆ ಏನನ್ನಲಿ? 'ನಮ್ಮ ಅಳಿಯ, ಇನ್ನೊಂದು ಚಮಚ ಹಾಕ್ಲಾ?' ಅನ್ನಲಾ?"

"ಅಪ್ಪಾ, ಅದು ನಾಟಕ," ಎಂದಳು ಚೀಟಿ ಅಂಟಿಸುತ್ತಿದ್ದ ಯಾಲಿಂಗ್.

"ನಿನ್ನ ಕೈಲಿರೋದೂ ನಾಟಕಾನೇ. ಜನ ನಂಬೋದಿಲ್ವಾ?" ರೆನ್ ಮತ್ತೆ ಕೈಮಿಂಗ್‌ನತ್ತ ತಿರುಗಿದ. "ನೋಡು, ಹೆದ್ದಾರಿ ಸುಂಕದ ಕಟ್ಟೆಯಲ್ಲಿ ಕೆಲಸ ಮಾಡೋ ಹುಡುಗನ ಕಡೆಯೋರು ಬಂದು ಹೋಗಿದ್ದಾರೆ. ಸುಂಕದೋನು ಬೇರೆಯೋರನ್ನ ನಿಲ್ಲಿಸ್ತಾನೆ, ನಿನ್ನ ಹಾಗೆ ಬೋರಲು ಮಲಗಲ್ಲ. ಅಕ್ಟೋಬರ್ ರಜೆವರೆಗೂ ತಡೀತೀನಿ. ಅಷ್ಟರಲ್ಲಿ ನೀನು ಅಮಲ್ದಾರ ಆಗ್ಬೇಕು."

"ನಿಜವಾದ ಅಮಲ್ದಾರನಾ?" ಎಂದ ಕೈಮಿಂಗ್ ಗಾಬರಿಯಿಂದ.

"ನಿನ್ನ ಮುಖಕ್ಕೆ ಅದೂ ಬೇರೆ! ನಿಮ್ಮ ನಾಟಕದಲ್ಲೇ ಆಗಯ್ಯಾ. ಮೇಲೆ ಕೂತ್ಕೋ, ಹಕ್ಕಿ ಹಾಕ್ಕೋ, ಹಾಕಿ ಇಪ್ಪತ್ತು ಅನ್ನು. ನಾನು ಬಂದು ಕಣ್ಣಾರೆ ನೋಡ್ತೀನಿ. ನೋಡಿದ ಮೇಲೆ ಹೂಂ ಇಲ್ಲವೇ ಊಹೂಂ."

ಹಳೇ ಕಚೇರಿಯಲ್ಲಿ ಹದಿನೈದು ವರ್ಷದಿಂದ ಅಮಲ್ದಾರರಾಗಿದ್ದವರು ವೆನ್ ಮೇಷ್ಟ್ರು. ಒಂದು ಕಾಲದಲ್ಲಿ ರಂಗದ ಮೇಲೆ ರಾಜರ ಪಾತ್ರ ಹಾಡುತ್ತಿದ್ದವರು. ಅವರ ಅದೃಷ್ಟ ಕೆಟ್ಟಿತೋ ಕೈಮಿಂಗ್‌ನದು ಕುದುರಿತೋ, ಆಗಸ್ಟ್‌ನಲ್ಲಿ ಅವರ ಗಂಟಲು ಕೂತಿತು. ಡಾಕ್ಟರು ಬಾಯಿ ಮುಚ್ಚಿಕೊಂಡಿರಲು ಹೇಳಿದರು. ಆಟ ನಡೆಸುವ ಕಂಪನಿಯ ಮ್ಯಾನೇಜರ್ ಚಿಯಾವ್ ಎಂಬಾತ ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ನಿಲುವಂಗಿಯನ್ನು ಒಬ್ಬೊಬ್ಬರ ಭುಜಕ್ಕೂ ಹಿಡಿದು ನೋಡಿದ. ದಫೇದಾರರಲ್ಲಿ ಒಬ್ಬನಿಗೆ ಸಿಂಹದ ಕಂಠವಿತ್ತು, ಅಂಗಿ ಗಿಡ್ಡವಾಯಿತು. ಇನ್ನೊಬ್ಬ ಮಾತಿನ ಮಲ್ಲ, ಅಂಗಿ ನೆಲ ಗುಡಿಸಿತು. ಕೈಮಿಂಗ್‌ಗೆ ಹೊಲಿಸಿದ ಹಾಗೆ ಕೂತಿತು.

"ನಡೀರಿ, ಯೋಗ್ಯ ವ್ಯಕ್ತಿ ಸಿಕ್ಕಿದ," ಎಂದ ಮ್ಯಾನೇಜರ್.

ದೊಡ್ಡ ಪದವಿಗಳು ಅಂಗಿಯ ಅಳತೆ ನೋಡಿಯೇ ಬರುತ್ತವೆಂದು ಕೈಮಿಂಗ್‌ಗೆ ಅದುವರೆಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ತೆನೆ ಎಣಿಸುವ ಬದಲು ಭುಜ ಬೆಳೆಸುತ್ತಿದ್ದ.

ವೆನ್ ಮೇಷ್ಟ್ರು ಪಿಸುದನಿಯಲ್ಲೇ ಪಾಠ ಹೇಳಿಕೊಟ್ಟರು. "ಅಧಿಕಾರಿ ಆಗೋಕೆ ಮೂರೇ ವಿದ್ಯೆ ಮಗಾ. ಯಾರ ಮುಖವನ್ನೂ ನೋಡಬೇಡ. ಬರೋದು ಸ್ವಲ್ಪ ತಡ ಮಾಡು. ಮಾತು ಮರೆತರೆ ಮರದ ತುಂಡು ಬಡಿ, ಎದುರಿನವನು ತಾನೇ ತಪ್ಪು ಒಪ್ಕೋತಾನೆ."

"ಅಷ್ಟೇನಾ ಮೇಷ್ಟ್ರೇ?"

"ತಲೆಗೆ ಅಷ್ಟೇ. ನಿನ್ನ ತಲೆ ಮೂರು ದಿನದಲ್ಲಿ ಕಲಿಯುತ್ತೆ. ಮಂಡಿ ವಿಷಯ ನಾನು ಹೇಳಲಾರೆ. ಅದು ಏಳು ವರ್ಷ ಬೇರೆ ಶಾಲೆಯಲ್ಲಿ ಓದಿದೆ."

ಕೈಮಿಂಗ್ ನಕ್ಕುಬಿಟ್ಟ. ಹಿಂದಿನ ವರ್ಷ ಪೂರ್ವ ಬೀದಿಯಲ್ಲಿ ಹೊಸ ನೂಡಲ್ ಅಂಗಡಿ ತೆರೆದಾಗ ನಗಾರಿ ಬಾರಿಸಿದ್ದರು. ಮೂರನೆಯ ಏಟಿಗೆ ತಾನು ರಸ್ತೆಯ ನಡುವೆ ಮಂಡಿಯೂರಿಬಿಟ್ಟಿದ್ದು ಅವನಿಗೆ ಆಗ ನೆನಪಾಗಬೇಕಿತ್ತು, ಆಗಲಿಲ್ಲ. ಆ ದಿನ ಅವನು ಚಪ್ಪಲಿ ಉಂಗುಷ್ಠ ಸರಿಮಾಡಿಕೊಂಡವನಂತೆ ನಟಿಸಿ ಎದ್ದು ಹೋಗಿದ್ದ. ಅಭ್ಯಾಸದ ದಿನಗಳಲ್ಲೂ ಎಚ್ಚರಿಕೆ ಸಿಗಲಿಲ್ಲ. ನಗಾರಿಯನ್ನು ಹೊಸ ಚರ್ಮ ಹೊದಿಸಲು ಕಳಿಸಿದ್ದರು. ದಫೇದಾರನೊಬ್ಬ ಬಾಯಲ್ಲೇ "ಢಂ, ಢಂ, ಢಂ" ಎನ್ನುತ್ತಿದ್ದ. ಬಾಯಿಮಾತಿನ ಢಂಢಂಗೆ ಕೈಮಿಂಗ್‌ನ ಮಂಡಿ ಬಗ್ಗುವಂಥದ್ದಲ್ಲ.

ಖಾಲಿಯಾದ ಕಳ್ಳನ ಹುದ್ದೆಗೆ ಜಾಹೀರಾತು ಹಾಕಿದ್ದೇ ತಡ ಅರವತ್ತು ಅರ್ಜಿ ಬಂದವು. ಆಯ್ಕೆಯಾದವನು ಪೆಯ್ ಎಂಬ ಹುಡುಗ. ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ, ಅದೂ ಹಳೆಯ ಕಾಲದ ನ್ಯಾಯಪದ್ಧತಿಯಲ್ಲೇ ಪ್ರಬಂಧ. ಮೊದಲ ದಿನ ಮೆತ್ತೆಯನ್ನು ಕೈಯಲ್ಲಿ ಹಿಡಿದು, "ಅಣ್ಣಾ, ಇಂಥದ್ದು ಆ ಕಾಲದಲ್ಲಿ ಇರಲಿಲ್ಲ, ದಾಖಲೆಗಳಿವೆ," ಎಂದ.

"ಎರಡು ದಿನ ಹೋಗಲಿ ತಮ್ಮಾ, ನೀನೇ ದಾಖಲೆ ತಿದ್ದುತೀಯ," ಎಂದ ಕೈಮಿಂಗ್ ದೊಡ್ಡ ಅಧಿಕಾರಿಯ ಗತ್ತಿನಲ್ಲಿ.

ಅಕ್ಟೋಬರ್ ಒಂದು. ದೇಶವೆಲ್ಲ ರಜೆಯ ಮೇಲೆ ಫೆನ್‌ಪಿಂಗ್‌ಗೆ ಬಂದು ಇಳಿದಿತ್ತು. ದಕ್ಷಿಣ ಬೀದಿಯಲ್ಲಿ ಹಳದಿ ಟೋಪಿಯ ಗುಂಪು ಕೆಂಪು ಟೋಪಿಯ ಗುಂಪಿಗೆ ಸಿಕ್ಕಿಕೊಂಡು, ಎರಡು ಊರಿನ ಅಜ್ಜಿಯರು ಅದಲುಬದಲಾಗಿದ್ದರು. ಕೋಟೆಯ ಮೇಲೆ ನಡೆಯಲು ಜಾಗವಿಲ್ಲದೆ ಜನ ತಳ್ಳಿದಷ್ಟು ಮುಂದೆ ಹೋಗಿ, ತೆನೆಗಳ ನಡುವಿನಿಂದ ಕೆಳಗಿದ್ದ ಜನಜಂಗುಳಿಯನ್ನೇ ನೋಡಿ, ಅದರದೇ ಫೋಟೋ ತೆಗೆಯುತ್ತಿದ್ದರು. ಅಂಥ ವ್ಯಾಪಾರದ ದಿನ ರೆನ್ ಬಾವ್‌ಶಾನ್ ಅರ್ಧ ದಿನ ಅಂಗಡಿ ಮುಚ್ಚಿದ. ನಲವತ್ತು ವರ್ಷದಲ್ಲಿ ಹೀಗೆ ಮುಚ್ಚಿದ್ದು ಎರಡನೆಯ ಸಲ. ಹೊಸ ಕೋಟು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಮನೆಯಿಂದಲೇ ತಂದ ಬಿದಿರು ಕುರ್ಚಿ. ಅಂಗಳದ ಮೊದಲ ಸಾಲಿನ ನಟ್ಟನಡುವೆ ಕುರ್ಚಿ ಹಾಕಿ ಕೂತ. ಪಕ್ಕದಲ್ಲಿ ಯಾಲಿಂಗ್ ನಿಂತಿದ್ದಳು.

"ಅಪ್ಪಾ, ಅವನು ಚೆನ್ನಾಗೇ ಮಾಡ್ತಾನೆ."

"ನಾನು ನೋಡೋಕೆ ಬಂದಿದ್ದೀನಿ, ಅಷ್ಟೆ. ಅವನು ಮಾತು ನಡೆಸಿಕೊಟ್ಟರೆ ನಾನೂ ನಡೆಸಿಕೊಡ್ತೀನಿ. ಎಡವಟ್ಟು ಮಾಡಿದ್ರೆ ಸಾಯಂಕಾಲವೇ ಸುಂಕದ ಕಟ್ಟೆಗೆ ಫೋನು."

ಪರದೆಯ ಹಿಂದೆ ಕೈಮಿಂಗ್ ನಿಲುವಂಗಿ ಸರಿಪಡಿಸಿಕೊಂಡ. ನೆತ್ತಿಯಲ್ಲಿ ಪದವಿ ಸೂಚಿಸುವ ಚಿನ್ನದ ಗುಂಡಿಯಿದ್ದ ಟೋಪಿ ಇಟ್ಟ. ಯಾರ ಮುಖವನ್ನೂ ನೋಡಬಾರದು, ಒಂದು. ತಡವಾಗಿ ಬರಬೇಕು, ಎರಡು. ಹೊಸ ಚರ್ಮದ ನಗಾರಿ ಮೊಳಗಿತು. ಗಟ್ಟಿಯಾಗಿ, ಎದೆಯ ಗೂಡೇ ನಡುಗುವಂತೆ. ಅವನು ಪರದೆ ಸರಿಸಿ ಹೊರಬಂದ. ಎರಡನೆಯ ಏಟಿಗೆ ಮೇಜನ್ನು ದಾಟಿದ. ಮೇಜಿನ ಹಿಂದೆ ಕುರ್ಚಿಗೆ ಹೋಗಬೇಕಾದವನು ಮೇಜಿನ ಮುಂದಕ್ಕೆ ಬಂದುಬಿಟ್ಟಿದ್ದ. ಅವನ ಕಾಲುಗಳಿಗೆ ಏಳು ವರ್ಷದಿಂದ ಗೊತ್ತಿದ್ದ ಜಾಗ ಅದೇ. ನಿಂತ ಜಾಗ ತಪ್ಪೆಂದು ತಲೆಗೆ ಹೊಳೆದಾಗ ಕೈ ಚಾಚಿ ಮೇಜನ್ನು ಹಿಡಿಯಲು ನೋಡಿದ. ಮರದ ತುಂಡು ಕೈಗೆ ಸಿಕ್ಕಿತು, ಮೇಜು ಸಿಗಲಿಲ್ಲ.

ಮೂರನೆಯ ಢಂ.

ಅಮಲ್ದಾರರು ದೊಪ್ಪೆಂದು ಮಂಡಿಯೂರಿ ಊರಿಗೇ ಕೇಳುವಂತೆ ಅರಚಿದರು: "ಮಹಾಸ್ವಾಮಿ, ನನ್ನದೇನೂ ತಪ್ಪಿಲ್ಲ!"

"ವೇ...ಯ್" ಎಂದು ಎಳೆಯುತ್ತಿದ್ದ ದಫೇದಾರರಿಗೆ "ವೂ" ಹೊರಡಲಿಲ್ಲ. ಆಗಷ್ಟೇ ಎಳೆದು ತರಲ್ಪಟ್ಟ ಕಳ್ಳ ಪೆಯ್ ಅಮಲ್ದಾರರನ್ನು ನೋಡಿದ. ಅವನ ಓದು ಅವನನ್ನು ಕೈಬಿಡಲಿಲ್ಲ. ಅಮಲ್ದಾರರೇ ಮಂಡಿಯೂರಬೇಕಾದರೆ ಬಂದಿರುವುದು ಚಕ್ರವರ್ತಿಯ ಅಪ್ಪಣೆಯೇ ಇರಬೇಕು, ಹಾಗಿದ್ದರೆ ಮಿಕ್ಕವರು ಹಣೆ ನೆಲಕ್ಕೆ ಮುಟ್ಟಿಸಬೇಕು. ಅವನು ಉದ್ದಕ್ಕೆ ಅಡ್ಡಬಿದ್ದ. ವಿದ್ಯಾವಂತನೇ ಬಿದ್ದ ಮೇಲೆ ದಫೇದಾರರು ತಡಮಾಡಲಿಲ್ಲ. ಎಂಟೂ ಮಂದಿ ಕೋಲು ಚೆಲ್ಲಿ ಕವುಚಿಕೊಂಡರು.

ಇಡೀ ನ್ಯಾಯಾಲಯ ನೆಲಕ್ಕಂಟಿದ್ದಾಗ ಎದುರಿಗೆ ಕೂತಿದ್ದವನು ಒಬ್ಬನೇ, ಬಿದಿರು ಕುರ್ಚಿಯ ರೆನ್ ಬಾವ್‌ಶಾನ್.

ಕೈಮಿಂಗ್ ಬಗ್ಗಿಸಿದ ತಲೆಯನ್ನು ಮೆಲ್ಲಗೆ ಎತ್ತಿದ. ಮೊದಲು ಕಂಡಿದ್ದು ಒಂದು ಜೊತೆ ಹೊಸ ಬೂಟು. ಬೂಟುಗಳು ಆಗಲೇ ಏಳಲು ಸಿದ್ಧವಾಗುತ್ತಿದ್ದವು. ಅವುಗಳ ಹಿಂದೆ ಸುಂಕದ ಕಟ್ಟೆ ಕಾಣುತ್ತಿತ್ತು. ಕೆಲಸ ಹೋಯಿತು, ಹುಡುಗಿಯೂ ಹೋದಳು, ಉಳಿದಿದ್ದು ನೋಯುವ ಮಂಡಿ ಮಾತ್ರ. ಏಳು ವರ್ಷ ಮಂಡಿಯೂರಿ ಸಂಪಾದಿಸಿದ ಬುದ್ಧಿಯನ್ನೆಲ್ಲ ಒಟ್ಟುಗೂಡಿಸಿ ಅವನು ಯೋಚಿಸಿದ್ದು ಇಷ್ಟೇ: ಈ ಲೋಕದಲ್ಲಿ ಮಂಡಿಯೂರುವುದು ತಪ್ಪಾಗದ ಜಾಗ ಯಾವುದಾದರೂ ಇದೆಯೇ?

ಒಂದಿತ್ತು. ಆ ನಾಡಿನಲ್ಲಿ ಹುಡುಗ ಎಷ್ಟೇ ವರ್ಷ ಓಡಾಡಲಿ, ಹೆಣ್ಣಿನ ತಂದೆಯನ್ನು ಚಿಕ್ಕಪ್ಪ ಎಂದೇ ಕರೆಯಬೇಕು. ಮದುವೆಯ ದಿನ ಮಂಡಿಯೂರಿ ಎರಡೂ ಕೈಯಲ್ಲಿ ಚಹಾ ಕೊಟ್ಟು, ಮೊದಲ ಸಲ "ಅಪ್ಪಾ" ಎನ್ನಬೇಕು. ಆತ ಚಹಾ ಇಸಿದುಕೊಂಡು "ಓ" ಎಂದನೋ, ಮುಗಿಯಿತು, ಅಳಿಯನಾದ. ಕೊಸರಿಗೆ ಮಾವ ಕೊಡುವ, ದುಡ್ಡಿಟ್ಟ ಕೆಂಪು ಲಕೋಟೆ.

ಮೇಜಿನ ಮೇಲೆ ಅಮಲ್ದಾರರ ಚಹಾ ಬಟ್ಟಲು ಇತ್ತು ನಿಜ. ಆದರೆ ಪ್ರವಾಸಿಗಳು ಒಯ್ಯಬಾರದೆಂದು ಅದನ್ನು ಮೇಜಿಗೆ ಅಂಟು ಹಾಕಿ ಕೂರಿಸಿದ್ದರು. ಕೈಮಿಂಗ್‌ನ ಕೈಯಲ್ಲಿದ್ದಿದ್ದು ಮರದ ತುಂಡು. ಅದನ್ನೇ ಎರಡೂ ಅಂಗೈಯ ಮೇಲಿಟ್ಟು, ಮಂಡಿಯಲ್ಲೇ ಎರಡು ಹೆಜ್ಜೆ ತೆವಳಿ, ಬೂಟುಗಳೆದುರು ಎತ್ತಿ ಹಿಡಿದು ಕೂಗಿದ:

"ಅಪ್ಪಾ!"

"ಓ, ಬಂದೆ!" ಎಂದ ರೆನ್ ಬಾವ್‌ಶಾನ್.

ಬಾಯಿಂದ ಮಾತು ಹೊರಟ ಮೇಲೆ ಅವನ ಮುಖ ವಿನೆಗರ್ ಕುಡಿದ ಹಾಗಾಯಿತು. ಆದರೆ ಅಷ್ಟರಲ್ಲಿ ಎರಡನೆಯ ಅಭ್ಯಾಸವೂ ಕೆಲಸ ಮುಗಿಸಿತ್ತು. ಚಾಚಿದ ವಸ್ತು ಅವನ ಎರಡೂ ಕೈಗಳಲ್ಲಿ ಭದ್ರವಾಗಿ ಕೂತಿತ್ತು.

ಅಂಗಳ ನಗೆಯಲ್ಲಿ ಸಿಡಿಯಿತು. ಬಂದವರಿಗೆ ಕೋಟೆಯ ಚರಿತ್ರೆ ಗೊತ್ತಿರದಿದ್ದರೂ ಮದುವೆಯ ಪದ್ಧತಿ ಗೊತ್ತಿತ್ತು. "ಲಕೋಟೆ! ಲಕೋಟೆ!" ಎಂದು ಹಳದಿ ಟೋಪಿಯ ಅಜ್ಜಿಯೊಬ್ಬಳು ಶುರುಮಾಡಿದಳು. ಕೆಂಪು ಟೋಪಿಗಳೂ ದನಿಗೂಡಿಸಿದವು.

"ಕೊಡೋ ಜಿಪುಣ ಮಾವಾ!"

"ಅಮಲ್ದಾರನೇ ಅಳಿಯ ಆಗಿದ್ದಾನೆ, ಇನ್ನೇನಪ್ಪ ಬೇಕು ನಿನಗೆ?"

ನೂರಾರು ಫೋನುಗಳು ರೆನ್‌ನ ಮೂಗಿನ ನೇರಕ್ಕೆ ಬಂದವು. ನಾಳೆ ಇವರೇ ಅಂಗಡಿಯ ಮುಂದೆ ಹಾದು ಹೋಗುವವರು. ಅವನು ಬೆವರುತ್ತ ಕೋಟಿನ ಒಳಜೇಬಿಗೆ ಕೈಹಾಕಿದ. ಅಲ್ಲಿದ್ದದ್ದು ರಜೆಗೆಂದು ಅಚ್ಚುಹಾಕಿಸಿದ್ದ ಕೂಪನ್ನುಗಳು: ಐದು ಸೀಸೆ ಕೊಂಡವರಿಗೆ ಒಂದು ಉಚಿತ. ಬಣ್ಣ ಕೆಂಪೇ. ಒಂದನ್ನು ಎಳೆದು ಅಮಲ್ದಾರರ ಅಂಗೈಗೆ ತುರುಕಿದ.

ಯಾಲಿಂಗ್ ಬಗ್ಗಿ ಓದಿದಳು. "ಅಪ್ಪಾ, ಇದರ ಅವಧಿ ಏಳನೇ ತಾರೀಖಿಗೆ ಮುಗಿಯುತ್ತೆ."

"ನಿನ್ನ ಗಂಡನಿಗೆ ಹೇಳು, ಅಷ್ಟರೊಳಗೆ ಕೊಂಡ್ಕೊಳ್ಲಿ," ಎಂದ ರೆನ್ ಹಲ್ಲು ಕಚ್ಚಿ. ಗಂಡ ಎಂಬ ಮಾತು ಅವನ ಬಾಯಿಂದಲೇ ಬಂದಿದ್ದನ್ನು ಅವಳು ಗಮನಿಸಿದಳು, ಅವನು ಗಮನಿಸಲಿಲ್ಲ.

ಮ್ಯಾನೇಜರ್ ಕರೆಸಿದಾಗ ಕೈಮಿಂಗ್ ನಿಲುವಂಗಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡೇ ಹೋದ. ಚಿಯಾವ್ ಫೋನು ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಆ ದೃಶ್ಯವನ್ನು ಎಷ್ಟೋ ಲಕ್ಷ ಜನ ನೋಡಿಯಾಗಿತ್ತು.

"ಇದು ಯಾರ ಐಡಿಯಾ?"

"ಮಂಡಿದು ಸಾರ್."

"ನಾಳೆಯಿಂದ ಎರಡೂ ಆಟಕ್ಕೆ ಇದೇ ಇರಲಿ. ಎಲ್ಲಾ ದಿನವೂ. ಆ ಮಾವನ ಪಾತ್ರ ಮಾಡಿದ ಕಲಾವಿದ ಯಾರಯ್ಯಾ? ಎಷ್ಟು ಸಹಜ ಅಭಿನಯ! ಆ 'ಓ, ಬಂದೆ' ಅನ್ನೋದು ತರಬೇತಿಯಿಂದ ಬರೋ ಮಾತಲ್ಲ."

ಸುದ್ದಿ ತಿಳಿಸಲು ಹೋದಾಗ ರೆನ್ ಕುದಿಯುತ್ತಿದ್ದ. "ನಾನು? ವೇಷ ಹಾಕ್ಬೇಕಾ? ವರ್ತಕ ಕಣಯ್ಯಾ ನಾನು, ಕೋಡಂಗಿಯಲ್ಲ!" ಎಂದ. ಇಡೀ ಮಧ್ಯಾಹ್ನ ಹಾಗೆಯೇ ಎನ್ನುತ್ತಿದ್ದ. ನಡುನಡುವೆ ಗಿರಾಕಿಗಳು ಬಂದು "ಫೋನಲ್ಲಿ ಬಂದ ಮಾವ ನೀವೇನಾ?" ಎಂದು ಕೇಳಿ, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡು, ತಲೆಗೆ ಎರಡೆರಡು ಸೀಸೆ ಒಯ್ದರು. ಐದು ಗಂಟೆಗೆ ಹತ್ತು ವರ್ಷ ಹಳೆಯದೆಲ್ಲ ಖಾಲಿಯಾಗಿ, ಯಾಲಿಂಗ್ ಆ ಬೆಳಿಗ್ಗೆ ತುಂಬಿಸಿದ್ದಕ್ಕೆ ಚೀಟಿ ಅಂಟಿಸಬೇಕಾಯಿತು. ಆರು ಗಂಟೆಗೆ ರೆನ್ ಷರತ್ತುಗಳನ್ನು ಹೇಳಿ ಕಳಿಸಿದ. ಅಮಲ್ದಾರರ ಮೇಜಿನ ಮೇಲೆ ತನ್ನ ಅಂಗಡಿಯ ಸೀಸೆ ಇರಬೇಕು, ಚೀಟಿ ಪ್ರೇಕ್ಷಕರ ಕಡೆಗೆ. ತನಗೆ ರೇಷ್ಮೆಯ ನಿಲುವಂಗಿ ಬೇಕು. ಟೋಪಿಗೆ ಅಳಿಯನದಕ್ಕಿಂತ ದೊಡ್ಡ ಗುಂಡಿ ಬೇಕು.

"ಅಮಲ್ದಾರನ ಮಾವ ಅಂದ್ರೆ ಅಮಲ್ದಾರನಿಗಿಂತ ಮೇಲು ತಾನೆ?"

ಪೆಯ್‌ನನ್ನು ಕೇಳಿದರು. ಅಂಥ ಸ್ಥಾನಕ್ಕೆ ದಾಖಲೆ ಇಲ್ಲವೆಂದ. ಗುಂಡಿ ಕೊಡಿಸಿದರು.

ಹೀಗೆ ಅಕ್ಟೋಬರ್‌ನಿಂದ ವರ್ಷದ ಕೊನೆಯ ತಿಂಗಳವರೆಗೆ, ದಿನಕ್ಕೆ ಎರಡು ಸಲ, ಕೈಮಿಂಗ್ ಅಮಲ್ದಾರನಾಗಿ ಬಂದು ಮೊದಲಿನಂತೆಯೇ ಮಂಡಿಯೂರಿದ. ಬಡ್ತಿಯಿಂದಾದ ಲಾಭ ನಿಲುವಂಗಿ ಒಂದೇ, ಅದರೊಳಗೆ ಮೆತ್ತೆ ಕೊಡುತ್ತಿರಲಿಲ್ಲ. ಚಳಿಗಾಲದ ಕಲ್ಲುಹಾಸಿನ ಮೇಲೆ ಮಂಡಿ ಕಂದುಗಟ್ಟಿತು. "ಕೆಳಗಿದ್ದಾಗ ಹಿಂದೆ ನೋವು, ಮೇಲೇರಿದಾಗ ಮುಂದೆ ನೋವು. ವ್ಯತ್ಯಾಸ ಇಷ್ಟೇ," ಎಂದು ಅವನು ಪೆಯ್‌ಗೆ ಉಪದೇಶ ಮಾಡುತ್ತಿದ್ದ. ಪೆಯ್ ಅಷ್ಟರಲ್ಲಿ ಎರಡು ಮೆತ್ತೆ ಹಾಕಿಕೊಳ್ಳುತ್ತಿದ್ದ. ರೆನ್ ದಿನಕ್ಕೆ ಎರಡು ಸಲ "ಓ, ಬಂದೆ!" ಎಂದ. ದಿನ ಕಳೆದಂತೆ ಅದನ್ನು ಎಳೆದು, ಕೈತಿರುಗಿಸಿ ಹೇಳತೊಡಗಿದ. ಗಂಟಲು ವಾಸಿಯಾಗಿ ಆಟ ನೋಡಲು ಬಂದಿದ್ದ ವೆನ್ ಮೇಷ್ಟ್ರು, "ಅತಿಯಾಯ್ತು ಮಾರಾಯಾ," ಎಂದಿದ್ದಕ್ಕೆ ಎರಡು ದಿನ ಅವರ ಜೊತೆ ಮಾತು ಬಿಟ್ಟ.

ನಿಜವಾದ ಮದುವೆ ಚಾಂದ್ರಮಾನದ ಹನ್ನೆರಡನೆಯ ತಿಂಗಳಲ್ಲಿ, ಬೆಳಿಗ್ಗೆ, ವಿನೆಗರ್ ಅಂಗಡಿಯ ಹಿತ್ತಿಲ ಅಂಗಳದಲ್ಲಿ. ರಜೆ ಸಿಕ್ಕಿದ್ದು ಬೆಳಗಿನ ಆಟಕ್ಕೆ ಮಾತ್ರ, ಮೂರರ ಆಟಕ್ಕೆ ಹೋಗಬೇಕಿದ್ದರಿಂದ ಎಲ್ಲವನ್ನೂ ಹನ್ನೆರಡರೊಳಗೆ ಮುಗಿಸುವ ಏರ್ಪಾಡು. ರೆನ್ ಕುರ್ಚಿಯ ಮೇಲೆ ಕೂತ. ಸುತ್ತ ನೆಂಟರು. ಕೈಮಿಂಗ್ ಹೊಸ ಸೂಟು ತೊಟ್ಟು, ಈ ಸಲ ನಿಜವಾದ ಚಹಾದ ಬಟ್ಟಲು ಹಿಡಿದು ಎದುರಿಗೆ ನಿಂತ.

ನಿಂತೇ ಇದ್ದ.

"ಮಂಡಿಯೂರೋ," ಎಂದು ತಾಯಿ ಪಿಸುಗುಟ್ಟಿದಳು.

"ನೋಡ್ತಾ ಇದ್ದೀನಮ್ಮಾ. ಬಗ್ತಾ ಇಲ್ಲ."

"ಬಗ್ಗೋದಿಲ್ಲ ಅಂದ್ರೇನು? ಲೋಕಕ್ಕೆಲ್ಲ ಬಗ್ಗಿಸಿದ್ದೀಯ!"

ಕೈಮಿಂಗ್ ನಿಂತ ಹಾಗೆಯೇ ಸಣ್ಣ ದನಿಯಲ್ಲಿ "ಅಪ್ಪಾ" ಎಂದ. ರೆನ್ ಸುಮ್ಮನೆ ಅವನ ಮುಖ ನೋಡಿದ. ಮಾತು ಬರಲಿಲ್ಲ. ಬೇಕೆಂದೇ ಸುಮ್ಮನಿದ್ದನೆಂದು ನೆಂಟರು ತಿಳಿದರು. ಯಾರೋ ಹೆಂಗಸು ಸುಂಕದ ಕಟ್ಟೆಯ ಹುಡುಗನ ಹೆಸರನ್ನೂ ಎತ್ತಿದಳು. ರೆನ್‌ನ ಹಣೆ ಬೆವರಿತು.

"ನನ್ನ ಸರದಿ ಇನ್ನೂ ಬಂದಿಲ್ಲ ಅನ್ನಿಸ್ತಿದೆ," ಎಂದ ಕೊನೆಗೆ, ಯಾರಿಗೂ ಅಲ್ಲದ ದನಿಯಲ್ಲಿ.

ಚಹಾ ಆರುತ್ತಿತ್ತು. ಒಳಗಿನ ಕೋಣೆಯ ಮಂಚದ ಮೇಲೆ ಕೆಂಪು ಲಂಗ ಹರಡಿಕೊಂಡು, ಕರೆಯುವವರೆಗೆ ನೆಲಕ್ಕೆ ಕಾಲಿಡಬಾರದೆಂದು ಕೂರಿಸಿದ್ದ ಯಾಲಿಂಗ್ ಇಬ್ಬರನ್ನೂ ಕಿಟಕಿಯಿಂದ ನೋಡಿದಳು. ಇಬ್ಬರಿಗೂ ಇನ್ನು ಮಾತಿನಿಂದ ಆಗುವಂಥದ್ದೇನಿಲ್ಲ ಎಂದು ಅವಳಿಗೆ ಗೊತ್ತಾಯಿತು. ಲಂಗ ಎತ್ತಿ ಕಟ್ಟಿ ನೆಲಕ್ಕೆ ಇಳಿದೇಬಿಟ್ಟಳು. ಅಂಗಳಕ್ಕೆ ಬಂದು, ಗೋಡೆಗೆ ನಿಲ್ಲಿಸಿದ್ದ ಆಳೆತ್ತರದ ವಿನೆಗರ್ ಗುಡಾಣದ ಮುಚ್ಚಳಕ್ಕೆ ಮರದ ಸೌಟಿನಿಂದ ಬಡಿದಳು.

ಢಂ. ಢಂ. ಢಂ.

ಕೈಮಿಂಗ್‌ನ ಮಂಡಿಗಳು ಕತ್ತರಿಸಿದಂತೆ ನೆಲಕ್ಕೆ ಬಿದ್ದವು. ಅರ್ಧ ಚಹಾ ಸೂಟಿನ ಮೇಲೆ, ಅರ್ಧ ಬಟ್ಟಲಲ್ಲಿ. "ಮಹಾಸ್ವಾಮಿ" ಎನ್ನಲು ಹೊರಟ ನಾಲಿಗೆಯನ್ನು ಕಚ್ಚಿ ಹಿಡಿದು ಕೂಗಿದ:

"ಅಪ್ಪಾ!"

"ಓ... ಬಂದೇ...!" ಎಂದ ರೆನ್ ಬಾವ್‌ಶಾನ್, ಕೈತಿರುಗಿಸಿ, ಎಳೆದು, ತುಂಬುಕಂಠದಿಂದ. ಕಣ್ಣಲ್ಲಿ ನೀರೂ ಬಂದಿತ್ತು. ಬಟ್ಟಲನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕುಡಿದ. ಲಕೋಟೆಯ ಮಾತು ಬಂದಾಗ ಮಾತ್ರ ಕಣ್ಣೊರೆಸಿಕೊಂಡು, "ನೂರೆಂಬತ್ತು ಸಲ ಕೊಟ್ಟಾಯ್ತಲ್ಲ?" ಎಂದ. ಯಾಲಿಂಗ್ ಸೌಟನ್ನು ಎತ್ತಿ ಹಿಡಿದಳು. ಲಕೋಟೆ ಹೊರಬಂತು.

ಆಗ ಹಿತ್ತಿಲ ಬಾಗಿಲಲ್ಲಿ ಹಳದಿ ಬಾವುಟವೊಂದು ಇಣುಕಿತು. ನಗಾರಿ ಸದ್ದು ಕೇಳಿ ದಾರಿತಪ್ಪಿ ಬಂದ ಗುಂಪು. ಬಾವುಟದ ಕೆಳಗೆ ಇಪ್ಪತ್ತು ಟೋಪಿ, ಇಪ್ಪತ್ತು ಫೋನು.

"ಮುಗಿದೇ ಹೋಯ್ತಾ? ಅಯ್ಯೋ!" ಎಂದಳು ಮುಂದಿದ್ದ ಹೆಂಗಸು. "ಮುಂದಿನ ಆಟ ಎಷ್ಟು ಗಂಟೆಗೆ?"

ಮಂಡಿಯ ಮೇಲಿದ್ದ ಮದುಮಗ ಬಾಯಿ ತೆರೆಯುವ ಮೊದಲೇ ಮಾವ ಕುರ್ಚಿಯಿಂದ ಎದ್ದು ನಿಂತಿದ್ದ.

"ಮೂರಕ್ಕೆ, ಕಚೇರಿಯಲ್ಲಿ. ಬೇಗ ಹೋಗಿ, ಮೊದಲ ಸಾಲು ಸಿಗುತ್ತೆ," ಎಂದ. "ಅದಕ್ಕೆ ಮುಂಚೆ ಹೀಗೆ ಬನ್ನಿ, ಒಂದೊಂದು ಚಮಚ ರುಚಿ ನೋಡಿ. ಹತ್ತು ವರ್ಷ ಹಳೆಯದು."